ಪಟ್ಟಿ ಮೊದಲು, ಪೆಟ್ಟಿಗೆ ಆಮೇಲೆ

ಬೀದರ್, ಭಾಲ್ಕಿ, ಔರಾದ್ ಕಡೆಯ ಮನೆಯಲ್ಲಿ ಯಾರಾದರೂ ಪರದೇಶಕ್ಕೆ ಹೊರಟರೆಂದರೆ ಹದಿನೈದು ದಿನ ಮೊದಲೇ ಅಡುಗೆಮನೆಯಲ್ಲಿ ಗಡಿಬಿಡಿ ಶುರು. ಜೋಳದ ಕಡಕ್ ರೊಟ್ಟಿ ಬಡಿಯುವವರು ಒಬ್ಬರು, ಶೇಂಗಾ ಹಿಂಡಿ ಕುಟ್ಟುವವರು ಇನ್ನೊಬ್ಬರು. ಅತ್ತೆ ತಂದ ತೊಗರಿಬೇಳೆ, ಕಾಕಾ ಕೊಟ್ಟ ಬಿದ್ರಿ ಹೂದಾನಿ, ಓಣಿಯವರು ಕಟ್ಟಿಕೊಟ್ಟ ಪೊಟ್ಟಣ ಎಲ್ಲವೂ ಬ್ಯಾಗಿಗೆ ಬೀಳುತ್ತವೆ. ತುಂಬುವವರು ನಾಲ್ಕು ಮಂದಿ. ಏನೇನು ತುಂಬಿದೆ ಎಂದು ಬರೆದಿಡುವವರು ಒಬ್ಬರೂ ಇಲ್ಲ. ಆಚೆ ದೇಶದಲ್ಲಿ ಇಳಿದಾಗ ಕಸ್ಟಮ್ಸ್ ಅಧಿಕಾರಿ ‘ಇದರಲ್ಲಿ ಏನಿದೆ?’ ಎಂದು ಕೇಳಿದರೆ ಬ್ಯಾಗಿನ ಒಡೆಯರಿಗೇ ಪೂರ್ತಿ ಗೊತ್ತಿರುವುದಿಲ್ಲ. ‘ಬರೀ ಬಟ್ಟೆ, ಊಟದ ಸಾಮಾನು’ ಎಂದುಬಿಡುತ್ತಾರೆ. ತೊಂದರೆ ಹುಟ್ಟುವುದು ಈ ಒಂದು ಉತ್ತರದಿಂದ.

ಈ ಲೇಖನ ಸುತ್ತಾಡಿ ಬರಲು ಹೋಗುವವರಿಗಲ್ಲ. ಕೆಲಸ, ಓದು, ಮದುವೆ ಅಥವಾ ಕಾಯಂ ವಾಸಕ್ಕಾಗಿ ದೇಶ ಬಿಟ್ಟು ಹೋಗುವವರಿಗೆ. ಸೌದಿ, ದುಬೈಗೆ ಹೋಗುವ ಎಲೆಕ್ಟ್ರಿಷಿಯನ್, ಬ್ರಿಟನ್ನಿಗೆ ಹೊರಟ ನರ್ಸ್, ಕೆನಡಾಕ್ಕೆ ಪಿಆರ್ ಸಿಕ್ಕ ಕುಟುಂಬ, ಅಮೆರಿಕದಲ್ಲಿರುವ ಗಂಡನ ಮನೆಗೆ ಬಂಗಾರ ಹಾಕಿಕೊಂಡು ಹೊರಟ ಮದುಮಗಳು, ಹೀಗೆ ನಮ್ಮ ಮೂರೂ ಊರುಗಳಿಂದ ಹೊರಡುವವರಿಗೆ.

ತೋರಿಸುವುದು ಬೇರೆ, ತೆರುವುದು ಬೇರೆ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂಬ ಗಾದೆ ನಮ್ಮಲ್ಲಿ ಇನ್ನೂ ಓಡಾಡುತ್ತಿದೆ. ಸುಂಕದ ಕಟ್ಟೆ ಎಂದರೆ ಹೆದರಿ ದಾಟಬೇಕಾದ ಜಾಗ ಎಂಬ ಭಾವನೆ ಹಳೆಯದು. ಅದಕ್ಕೆ ಕಾರಣವೂ ಇತ್ತು. 1470ರ ಆಸುಪಾಸಿನಲ್ಲಿ ರಷ್ಯಾದ ವರ್ತಕ ಅಫನಾಸಿ ನಿಕಿತಿನ್ ಒಂದು ಕುದುರೆಯನ್ನು ಹಾರ್ಮುಜ್‌ನಿಂದ ಹಡಗಿನಲ್ಲಿ ತಂದು, ಚೌಲ್ ಬಂದರಿನಲ್ಲಿ ಇಳಿಸಿ ಬೀದರಿನತ್ತ ಹೊರಟಿದ್ದ. ದಾರಿಯಲ್ಲಿ ಜುನ್ನಾರಿನ ಅಧಿಕಾರಿ ಆ ಕುದುರೆಯನ್ನೇ ಕಸಿದುಕೊಂಡ. ನಮ್ಮ ಧರ್ಮಕ್ಕೆ ಬಂದರೆ ಕುದುರೆ ವಾಪಸು ಎಂದ. ಪ್ರಭಾವಿಯೊಬ್ಬರು ನಡುವೆ ಬಂದು ಮಾತಾಡಿದ್ದರಿಂದ ನಿಕಿತಿನ್‌ಗೆ ಕುದುರೆ ಮರಳಿ ಸಿಕ್ಕಿತು. ಆ ಕಾಲದಲ್ಲಿ ಅಧಿಕಾರಿಯ ಮರ್ಜಿಯೇ ಕಾನೂನು. ಈಗ ಕಾನೂನು ಬರಹದಲ್ಲಿದೆ, ಯಾವ ಸಾಮಾನಿಗೆ ಸುಂಕ ಇದೆ, ಯಾವುದಕ್ಕೆ ಇಲ್ಲ ಎಂಬುದು ಅಚ್ಚಾಗಿದೆ. ಆದರೂ ನಮ್ಮವರ ಬಾಯಲ್ಲಿ ‘ಕೇಳಿದ್ರ ಹೇಳಿದ್ರಾಯ್ತು ಬಿಡ್ರಿ’ ಎಂಬ ಮಾತು ಹೋಗಿಲ್ಲ. ಇದು ಎಲ್ಲಕ್ಕಿಂತ ಕೆಟ್ಟ ಸಲಹೆ.

ಘೋಷಣೆ ಮಾಡುವುದು, ಅಂದರೆ ಡಿಕ್ಲೇರ್ ಮಾಡುವುದೆಂದರೆ ಸುಂಕ ಕಟ್ಟುವುದು ಎಂದು ಬಹಳ ಜನ ತಿಳಿದಿದ್ದಾರೆ. ನಿಜವಾಗಿ ನೋಡಿದರೆ ನೆಲೆಸಲು ಬರುವವರ ಸ್ವಂತ ಬಳಕೆಯ ಸಾಮಾನಿಗೆ ಹೆಚ್ಚಿನ ದೇಶಗಳು ಸುಂಕವನ್ನೇ ಹಾಕುವುದಿಲ್ಲ. ಆ ವಿನಾಯಿತಿ ಸಿಗಬೇಕಾದರೆ ಸಾಮಾನು ಇದೆ ಎಂದು ಹೇಳಬೇಕು, ಅಷ್ಟೇ. ಹೇಳಿದ್ದನ್ನು ಬೇಡವೆಂದರೆ ಅಧಿಕಾರಿ ಆ ಒಂದು ವಸ್ತುವನ್ನು ತೆಗೆದು ಬಿಸಾಡಿಯಾರು. ಹೇಳದೆ ಸಿಕ್ಕಿಬಿದ್ದರೆ ವಸ್ತು ಹೋಗುವುದರ ಜೊತೆಗೆ ದಂಡ ಬೀಳುತ್ತದೆ, ನಿಮ್ಮ ಹೆಸರಿನ ಮುಂದೆ ಒಂದು ದಾಖಲೆ ಉಳಿಯುತ್ತದೆ. ಅಮೆರಿಕದಲ್ಲಿ ಆಹಾರ ಪದಾರ್ಥ ಮುಚ್ಚಿಟ್ಟರೆ ಮೊದಲ ಸಲಕ್ಕೇ 300 ಡಾಲರ್ ದಂಡ ಬೀಳಬಹುದು. ಆಸ್ಟ್ರೇಲಿಯಾದಲ್ಲಿ ವಿದ್ಯಾರ್ಥಿಯ ವೀಸಾವನ್ನೇ ರದ್ದು ಮಾಡುವ ಅಧಿಕಾರ ಗಡಿಯ ಅಧಿಕಾರಿಗಳಿಗೆ ಇದೆ. ಲಕ್ಷಾಂತರ ರೂಪಾಯಿ ಸಾಲ ಮಾಡಿ ಮಗನನ್ನು ಓದಿಗೆ ಕಳಿಸುವ ಮನೆಯವರು ಒಂದು ಡಬ್ಬಿ ಪೇಡಾ ಬಚ್ಚಿಡಲು ಹೋಗಿ ಇಂಥ ಅಪಾಯ ತಂದುಕೊಳ್ಳಬಾರದು.

ದೇಶದಿಂದ ದೇಶಕ್ಕೆ ನಿಯಮ ಬೇರೆ, ಆದರೆ ಹಿಂದಿರುವ ವಿಚಾರ ಒಂದೇ: ಸಾಮಾನು ನಿಮ್ಮದೇ ಆಗಿರಬೇಕು, ಬರುವ ಮೊದಲೇ ನೀವು ಬಳಸಿರಬೇಕು, ಮಾರಲು ತಂದಿರಬಾರದು. ಬ್ರಿಟನ್ನಿನಲ್ಲಿ ಕನಿಷ್ಠ 6 ತಿಂಗಳು ನಿಮ್ಮ ಬಳಿ ಇದ್ದು ಬಳಸಿದ ಸಾಮಾನಿಗೆ ವಿನಾಯಿತಿ. ಅದಕ್ಕೆ ‘ಟ್ರಾನ್ಸ್‌ಫರ್ ಆಫ್ ರೆಸಿಡೆನ್ಸ್’ ಎಂಬ ಅರ್ಜಿಯನ್ನು ಸಾಮಾನು ಕಳಿಸುವ ಮೊದಲೇ ಹಾಕಬೇಕು. ಅಮೆರಿಕದಲ್ಲಿ ಪಾತ್ರೆ, ಪುಸ್ತಕ, ಪೀಠೋಪಕರಣದಂಥ ಮನೆಸಾಮಾನಿಗೆ ಒಂದು ವರ್ಷದ ಬಳಕೆಯ ಲೆಕ್ಕ. ಆಸ್ಟ್ರೇಲಿಯಾದಲ್ಲೂ ಹಿಂದಿನಿಂದ ಹಡಗಿನಲ್ಲಿ ಬರುವ ಸಾಮಾನಿಗೆ 12 ತಿಂಗಳ ಲೆಕ್ಕ. ಕೊಲ್ಲಿಯ ಆರು ದೇಶಗಳಿಗೆ ಸೇರಿ ಒಂದೇ ಕಸ್ಟಮ್ಸ್ ಕಾನೂನು ಇದೆ. ಮೊದಲ ಸಲ ನೆಲೆಸಲು ಬರುವವರ ಬಳಸಿದ ಮನೆಸಾಮಾನಿಗೆ ಅಲ್ಲೂ ವಿನಾಯಿತಿ ಇದೆ. ಹಾಗಾಗಿ ಹೊರಡುವ ಹಿಂದಿನ ವಾರ ಹೊಸ ಮಿಕ್ಸರ್, ಹೊಸ ಕುಕ್ಕರ್, ಹೊಸ ರೇಷ್ಮೆ ಸೀರೆ ಎಲ್ಲವನ್ನೂ ಕೊಂಡು, ಪೆಟ್ಟಿಗೆಯ ಸಮೇತ, ಬೆಲೆಚೀಟಿಯ ಸಮೇತ ತುಂಬಿದರೆ ಅದು ಬಳಸಿದ ಸಾಮಾನು ಎಂದು ಯಾರೂ ಒಪ್ಪುವುದಿಲ್ಲ. ಆರು ತಿಂಗಳು, ವರ್ಷ ಮೊದಲೇ ಹೊರಡುವುದು ಗೊತ್ತಿದ್ದರೆ ಬೇಕಾದ್ದನ್ನು ಆಗಲೇ ಕೊಂಡು ಬಳಸಲು ಶುರು ಮಾಡಿ, ರಸೀದಿ ಇಟ್ಟುಕೊಳ್ಳಿ.

ಕೆನಡಾದ ಪದ್ಧತಿ ಎಲ್ಲಕ್ಕಿಂತ ಸ್ಪಷ್ಟ, ಬೇರೆ ದೇಶಕ್ಕೆ ಹೋಗುವವರೂ ಅದನ್ನೇ ಮಾದರಿ ಮಾಡಿಕೊಳ್ಳಬಹುದು. ಅಲ್ಲಿ ನೆಲೆಸಲು ಹೋಗುವವರು ಎರಡು ಪಟ್ಟಿ ಒಯ್ಯಬೇಕು. ಒಂದು, ಕೈಯಲ್ಲಿ ತಂದ ಸಾಮಾನಿನದು. ಇನ್ನೊಂದು, ಹಿಂದಿನಿಂದ ಬರುವ ಸಾಮಾನಿನದು. ಬಿಎಸ್‌ಎಫ್ 186 ಎಂಬ ಫಾರಂ ತುಂಬಿ, ದೇಶದೊಳಗೆ ಕಾಲಿಡುವ ಮೊದಲ ನಿಲ್ದಾಣದಲ್ಲೇ ಎರಡನ್ನೂ ಅಧಿಕಾರಿಗೆ ಕೊಡಬೇಕು. ಅವರು ಮುದ್ರೆ ಒತ್ತಿ ಒಂದು ಪ್ರತಿ ವಾಪಸು ಕೊಡುತ್ತಾರೆ. ಮುಂದೆ ಮನೆಯಿಂದ ಸಾಮಾನು ಬಂದಾಗ ಆ ಪ್ರತಿಯೇ ಆಧಾರ. ಆ ದಿನ ಕೈಯಲ್ಲಿ ಏನೂ ತರದಿದ್ದರೂ ಹಿಂದಿನಿಂದ ಬರುವುದರ ಪಟ್ಟಿ ಅಂದೇ ಕೊಡಬೇಕು. ಊರಲ್ಲಿ ಅವ್ವನ ಬಳಿ ಇಟ್ಟು ಬಂದ ಬಂಗಾರವನ್ನು ಎರಡು ವರ್ಷದ ನಂತರ ತರುವ ವಿಚಾರ ಇದ್ದರೆ ಅದೂ ಈ ಎರಡನೆಯ ಪಟ್ಟಿಯಲ್ಲಿರಬೇಕು. ಇದನ್ನು ಮರೆಯುವವರೇ ಹೆಚ್ಚು. ಹೀಗೆ ಸುಂಕವಿಲ್ಲದೆ ಒಳಗೆ ಬಿಟ್ಟ ಸಾಮಾನನ್ನು ಮೊದಲ ವರ್ಷದೊಳಗೆ ಮಾರಿದರೆ ಅಥವಾ ಯಾರಿಗಾದರೂ ಕೊಟ್ಟರೆ ಆಗ ಸುಂಕ ಕಟ್ಟಬೇಕಾಗುತ್ತದೆ.

ಪಟ್ಟಿಯ ಒಂದು ಸಾಲು ಹೇಗಿರಬೇಕು

‘ಬಂಗಾರದ ಒಡವೆ: 5’ ಎಂದು ಬರೆದರೆ ಪಟ್ಟಿ ಬರೆದಂತಲ್ಲ. ಭಾಲ್ಕಿಯ ಒಂದು ಮನೆಯ ಬೋರಮಾಳ ಸರವನ್ನೇ ತೆಗೆದುಕೊಳ್ಳಿ. ಸಾಲು ಹೀಗಿರಲಿ: ಬಂಗಾರದ ಸರ, ದುಂಡು ಗುಂಡುಗಳದ್ದು, 22 ಕ್ಯಾರೆಟ್, ತೂಕ ಇಷ್ಟು ಗ್ರಾಂ, ಮದುವೆಯಲ್ಲಿ ತವರಿನವರು ಹಾಕಿದ್ದು, ಕೊಂಡ ವರ್ಷ ಇಂಥದ್ದು, ಈಗಿನ ಬೆಲೆ ಇಷ್ಟು ರೂಪಾಯಿ, ಆ ದೇಶದ ಹಣದಲ್ಲಿ ಇಷ್ಟು, ಫೋಟೊ ಸಂಖ್ಯೆ 3. ಪಾಟ್ಲಿ, ಬಿಲ್ವಾರ, ತಾಳಿ, ಪ್ರತಿಯೊಂದಕ್ಕೂ ಹೀಗೇ ಒಂದೊಂದು ಸಾಲು. ಹೆಸರನ್ನು ಹಾಗೇ ಬರೆದು ಪಕ್ಕದಲ್ಲಿ ಅದು ಏನು ಎಂದು ಇಂಗ್ಲಿಷಿನಲ್ಲಿ ವಿವರಿಸಿ. ಟೊರೊಂಟೊದ ಅಧಿಕಾರಿಗೆ ಬೋರಮಾಳ ಎಂದರೆ ಏನೆಂದು ತಿಳಿಯದು, ದುಂಡು ಗುಂಡುಗಳ ಸರ ಎಂದರೆ ತಿಳಿಯುತ್ತದೆ.

ಲ್ಯಾಪ್‌ಟಾಪ್, ಕ್ಯಾಮೆರಾ, ಫೋನಿಗೆ ಕಂಪನಿ, ಮಾದರಿ, ಸೀರಿಯಲ್ ನಂಬರ್ ಇರಲಿ. ಬಟ್ಟೆ, ಪಾತ್ರೆ, ಪುಸ್ತಕವನ್ನು ಒಂದೊಂದಾಗಿ ಬರೆಯುವುದು ಬೇಡ. ‘ಬಳಸಿದ ಬಟ್ಟೆ, ಒಂದು ಸೂಟ್‌ಕೇಸ್’, ‘ಸ್ಟೀಲ್ ಪಾತ್ರೆ, 20’ ಎಂದರೆ ಸಾಕು. ಬೆಲೆಯನ್ನು ಹೊಸದರ ಬೆಲೆಯಂತೆ ಬರೆಯಬೇಡಿ, ಹಳೆಯ ವಸ್ತುವಿಗೆ ಇವತ್ತು ಸಿಗುವ ಬೆಲೆ ಬರೆಯಿರಿ. ಬ್ಯಾಗುಗಳಿಗೆ ನಂಬರ್ ಹಾಕಿ, ಯಾವ ಸಾಮಾನು ಯಾವ ಬ್ಯಾಗಿನಲ್ಲಿ ಎಂಬುದನ್ನು ಪಟ್ಟಿಯಲ್ಲಿ ಗುರುತಿಸಿ. ಅಧಿಕಾರಿ ಒಂದು ಬ್ಯಾಗು ಬಿಚ್ಚಿ ನೋಡಿದಾಗ ಪಟ್ಟಿ ತಾಳೆಯಾದರೆ ಉಳಿದದ್ದನ್ನು ಬಿಚ್ಚುವ ಸಂಭವ ಕಡಿಮೆ.

ಎರಡು ಪ್ರತಿ ಮುದ್ರಿಸಿ ಸಹಿ ಹಾಕಿ. ಒಂದು ಕೈಚೀಲದಲ್ಲಿ ಪಾಸ್‌ಪೋರ್ಟಿನ ಜೊತೆ, ಇನ್ನೊಂದು ಊರಲ್ಲಿ ಮನೆಯವರ ಬಳಿ. ಮೊಬೈಲಿನಲ್ಲಿ ಫೋಟೊ ಇದೆಯಲ್ಲ ಎಂದು ಕಾಗದ ಬಿಡಬೇಡಿ. ಹದಿನಾರು ತಾಸಿನ ಪ್ರಯಾಣದ ನಂತರ ಫೋನಿನ ಚಾರ್ಜ್ ಮುಗಿದಿರುತ್ತದೆ.

ಉಡುಗೊರೆಯನ್ನು ಈ ಪಟ್ಟಿಯಲ್ಲಿ ಬೆರೆಸಬೇಡಿ. ಅಲ್ಲಿರುವ ಅಣ್ಣನಿಗೆ ಕೊಡಲು ಒಯ್ಯುವ ಗಡಿಯಾರ ನಿಮ್ಮ ಸ್ವಂತ ಸಾಮಾನಲ್ಲ, ಅದಕ್ಕೆ ಬೇರೆ ಮಿತಿ. ಯುಎಇಯಲ್ಲಿ ಉಡುಗೊರೆಯ ಮಿತಿ 3,000 ದಿರ್ಹಂ. ಮದುವೆಯ ಉಡುಗೊರೆಗೆ ಮಾತ್ರ ಕೆನಡಾದಲ್ಲಿ ರಿಯಾಯಿತಿ ಇದೆ: ಹೋಗುವ ಮೊದಲಿನ ಮೂರು ತಿಂಗಳೊಳಗೆ ಮದುವೆಯಾಗಿದ್ದರೆ ಅವನ್ನು ಬಳಸಿರಬೇಕೆಂಬ ಷರತ್ತು ಇಲ್ಲ. ಹೊಸ ದಂಪತಿಗಳು ಲಗ್ನಪತ್ರಿಕೆ, ಮದುವೆ ನೋಂದಣಿ ಪತ್ರ ಎರಡನ್ನೂ ಜೊತೆಗಿಟ್ಟುಕೊಳ್ಳಲಿ.

ಬಂಗಾರದ ಬಗ್ಗೆ ಎರಡು ಕಡೆಯ ಲೆಕ್ಕ

ಬಂಗಾರದ ಒಡವೆಗೆ ಎರಡು ಗಡಿಗಳ ಚಿಂತೆ ಇದೆ. ಹೋಗುವಾಗಿನದು ಒಂದು, ಬರುವಾಗಿನದು ಇನ್ನೊಂದು. ಭಾರತದಿಂದ ಹೊರಗೆ ಒಯ್ಯಲು, ನಿಮ್ಮ ಸ್ವಂತದ್ದಾಗಿ ಲಗೇಜಿನ ರೂಪದಲ್ಲಿ ಇರುವವರೆಗೆ, ಬೆಲೆಯ ಮಿತಿ ಇಲ್ಲ. ತೊಡಕು ಬರುವುದು ಎರಡು ವರ್ಷದ ನಂತರ ತಂಗಿಯ ಮದುವೆಗೆ ಅದೇ ಬಂಗಾರ ಹಾಕಿಕೊಂಡು ಊರಿಗೆ ಬಂದಾಗ. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಹೊರಗಿದ್ದು ಮರಳುವವರಿಗೆ ಸುಂಕವಿಲ್ಲದೆ ತರಲು ಬಿಡುವ ಒಡವೆ ಹೆಂಗಸರಿಗೆ 40 ಗ್ರಾಂ, ಗಂಡಸರಿಗೆ 20 ಗ್ರಾಂ. ನಮ್ಮ ಕಡೆಯ ಮದುಮಗಳ ಮೈಮೇಲೆ ಅದಕ್ಕಿಂತ ಎಷ್ಟೋ ಹೆಚ್ಚು ಇರುತ್ತದೆ. ‘ಇದು ಇಲ್ಲಿಂದಲೇ ಒಯ್ದದ್ದು, ನಮ್ಮವ್ವ ಹಾಕಿದ್ದು’ ಎಂದರೆ ಸಾಬೀತು ಏನು?

ಸಾಬೀತಿಗೆ ಒಂದು ಕಾಗದ ಇದೆ, ಅದರ ಹೆಸರು ಎಕ್ಸ್‌ಪೋರ್ಟ್ ಸರ್ಟಿಫಿಕೇಟ್. ಹೊರಡುವ ದಿನ ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿಯ ಬಳಿ ಹೋಗಿ, ಒಡವೆ ತೋರಿಸಿ, ಬಿಲ್ಲು ಅಥವಾ ಮೌಲ್ಯಮಾಪಕರ ಪತ್ರ ಕೊಟ್ಟು ಕೇಳಿದರೆ ಅವರು ಪರಿಶೀಲಿಸಿ ಬರೆದು ಕೊಡುತ್ತಾರೆ. ಮರಳಿ ಬರುವಾಗ ಅದನ್ನು ತೋರಿಸಿದರೆ ಆ ಒಡವೆಗೆ ಸುಂಕದ ಮಾತಿಲ್ಲ. ದುಬಾರಿ ಕ್ಯಾಮೆರಾ, ಗಡಿಯಾರಕ್ಕೂ ಇದನ್ನು ಪಡೆಯಬಹುದು. ಇಷ್ಟು ಉಪಯೋಗದ ಕಾಗದವನ್ನು ನಮ್ಮ ಜಿಲ್ಲೆಯಿಂದ ಹೋಗುವವರಲ್ಲಿ ಬಹಳ ಮಂದಿ ಕೇಳುವುದೇ ಇಲ್ಲ, ಇದೆ ಎಂಬುದೇ ಗೊತ್ತಿಲ್ಲ. ಬೀದರಿನಿಂದ ಹೈದರಾಬಾದಿನ ಶಂಷಾಬಾದ್ ವಿಮಾನ ನಿಲ್ದಾಣ ಜಹೀರಾಬಾದ್ ಮೇಲಿಂದ ಸುಮಾರು 150 ಕಿಲೋಮೀಟರ್. ಔರಾದಿನಿಂದ ಹೊರಡುವವರಿಗೆ ಇನ್ನೂ 40 ಕಿಲೋಮೀಟರ್ ಹೆಚ್ಚು. ಆ ಲೆಕ್ಕಕ್ಕೆ ಸರ್ಟಿಫಿಕೇಟಿನ ಸಲುವಾಗಿ ಒಂದು ತಾಸು ಸೇರಿಸಿ ಮನೆ ಬಿಡಿ. ಬ್ಯಾಗು ಏರ್‌ಲೈನ್ ಕೌಂಟರಿಗೆ ಕೊಡುವ ಮೊದಲೇ ಕಸ್ಟಮ್ಸ್ ಎಲ್ಲಿ ಎಂದು ವಿಚಾರಿಸಿ. ಒಡವೆಯನ್ನು ಚೆಕ್-ಇನ್ ಬ್ಯಾಗಿನಲ್ಲಿ ಇಡುವ ಮಾತೇ ಬೇಡ.

ಅಜ್ಜನ ಕಾಲದ ಹಳೆಯ ಒಡವೆಗೆ ಬಿಲ್ಲು ಇರುವುದಿಲ್ಲ. ಹಾಗಿದ್ದಾಗ ಸರ್ಕಾರಿ ಮಾನ್ಯತೆಯ ಮೌಲ್ಯಮಾಪಕರಿಂದ ತೂಕ, ಶುದ್ಧತೆ, ಬೆಲೆ ಬರೆಸಿ, ಪ್ರತಿ ಒಡವೆಯ ಫೋಟೊದ ಹಿಂದೆ ಅವರ ಸಹಿ, ದಿನಾಂಕ ಹಾಕಿಸಿಕೊಳ್ಳಿ. ಕೆನಡಾದವರು ಕೇಳುವುದೂ ಇಂಥದ್ದನ್ನೇ. ಒಂದೇ ಕೆಲಸ ಎರಡು ಗಡಿಗೂ ಆಗುತ್ತದೆ.

ಬಿದ್ರಿ, ಹಾಲಿ ಸಿಕ್ಕಾ, ಹಳೆಯ ಹಸ್ತಪ್ರತಿ

ಬೀದರಿನಿಂದ ಹೊರಡುವವರ ಬ್ಯಾಗಿನಲ್ಲಿ ಬಿದ್ರಿ ಇರಲೇಬೇಕು ಎಂಬುದು ಒಂದು ಒಳ್ಳೆಯ ಹಟ. ಸತು ಮತ್ತು ತಾಮ್ರದ ಮಿಶ್ರಲೋಹ ಎರಕ ಹೊಯ್ದು, ಬೆಳ್ಳಿ ತಂತಿ ಕೂರಿಸಿ, ಕೋಟೆಯ ಮಣ್ಣಿನಲ್ಲಿ ಕಪ್ಪು ಮಾಡುವ ಈ ಕಲೆಗೆ 2006ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು. 2023ರಲ್ಲಿ ಬೀದರಿನ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಒಯ್ಯಲು ಅಡ್ಡಿಯಿಲ್ಲ. ಆದರೆ ಬಿದ್ರಿ ಗಟ್ಟಿ ಲೋಹ, ಎಕ್ಸ್-ರೇ ಪರದೆಯ ಮೇಲೆ ಕಪ್ಪು ಮುದ್ದೆಯಾಗಿ ಕಾಣುತ್ತದೆ, ಹಾಗಾಗಿ ಬಿಚ್ಚಿ ತೋರಿಸಿ ಎನ್ನುತ್ತಾರೆ. ಮೇಲಿನಿಂದಲೇ ತೆಗೆಯಲು ಬರುವ ಹಾಗೆ ಇಡಿ. ಕೊಳ್ಳುವಾಗ ಕಾರಿಗರರಿಂದ ಬಿಲ್ಲು ಬರೆಸಿಕೊಳ್ಳಿ. ಬಿಲ್ಲಿನಲ್ಲಿ ಕರಕುಶಲ ವಸ್ತು, ಸತು-ತಾಮ್ರದ ಮಿಶ್ರಲೋಹ, ಬೆಳ್ಳಿಯ ಕೆತ್ತನೆ, ತಯಾರಾದ ವರ್ಷ, ಇಷ್ಟು ಇರಲಿ.

ತಯಾರಾದ ವರ್ಷ ಬೇಕೇ ಬೇಕು, ಕಾರಣವಿದೆ. 1972ರ ಪುರಾತನ ವಸ್ತು ಮತ್ತು ಕಲಾ ನಿಧಿ ಕಾಯ್ದೆಯ ಪ್ರಕಾರ 100 ವರ್ಷ ತುಂಬಿದ ಕಲಾವಸ್ತು, ನಾಣ್ಯ, ವಿಗ್ರಹ, ಲೋಹದ ಪಾತ್ರೆಗಳನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ಸಾಹಿತ್ಯ, ಇತಿಹಾಸ, ವಿಜ್ಞಾನದ ದೃಷ್ಟಿಯಿಂದ ಬೆಲೆಯುಳ್ಳ ಹಸ್ತಪ್ರತಿಗಾದರೆ 75 ವರ್ಷವೇ ಸಾಕು. ಮೀರಿದರೆ ಕನಿಷ್ಠ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಮೇಲೆ ದಂಡ. ನಮ್ಮ ಹಳೆಯ ಮನೆಗಳಲ್ಲಿ ಇಂಥವು ಇವೆ: ಮುತ್ತಜ್ಜನ ಬಿದ್ರಿ ಹುಕ್ಕಾ, ಮಠದ ಸಂಬಂಧವಿದ್ದ ಮನೆಯ ತಾಳೆಗರಿ ಕಟ್ಟು, ಲಕ್ಷ್ಮಿ ಪೂಜೆಗೆ ಇಡುವ ನಿಜಾಮರ ಕಾಲದ ಹಾಲಿ ಸಿಕ್ಕಾ. ಸಿಕ್ಕಾದ ಮೇಲೆ ಚಾರ್‌ಮಿನಾರ್ ಇದೆ, ಮನೆದೇವರ ಜೊತೆ ಇಟ್ಟದ್ದು, ಒಂದೆರಡು ಒಯ್ದರೆ ಏನಾದೀತು ಎನಿಸುತ್ತದೆ. 1911ರಲ್ಲಿ ತೀರಿಕೊಂಡ ನಿಜಾಮ ಮಹಬೂಬ್ ಅಲಿ ಖಾನರ ಕಾಲದ ನಾಣ್ಯವಾಗಿದ್ದರೆ ಅದಕ್ಕೆ ನೂರು ವರ್ಷ ಎಂದೋ ದಾಟಿದೆ. ಅದು ಊರಲ್ಲೇ ಇರಲಿ. ಹಳೆಯದರಂತೆ ಕಾಣುವ, ಆದರೆ ನಿಜಕ್ಕೂ ಹೊಸದಾದ ವಸ್ತುವಿದ್ದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ‘ಇದು ಪುರಾತನ ವಸ್ತುವಲ್ಲ’ ಎಂಬ ಪ್ರಮಾಣಪತ್ರ ಪಡೆಯುವ ವ್ಯವಸ್ಥೆ ಇದೆ. ಅದಕ್ಕೆ ಸಮಯ ಹಿಡಿಯುತ್ತದೆ, ಟಿಕೆಟ್ ಮಾಡಿಸಿದ ಮೇಲೆ ಓಡಾಡಿದರೆ ಆಗುವುದಿಲ್ಲ.

ತೊಗರಿ, ಕಡಲೆ, ಗಸಗಸೆ

ಬೀದರ್ ಜಿಲ್ಲೆ ತೊಗರಿ, ಕಡಲೆ, ಉದ್ದು, ಹೆಸರು, ಸೋಯಾ ಬೆಳೆಯುವ ನೆಲ. ಹೊಲದ ಬೇಳೆ ಮಕ್ಕಳ ಜೊತೆ ಹೋಗಲಿ ಎಂಬ ಆಸೆ ತಾಯಂದಿರಿಗೆ ಇರುವುದು ಸಹಜ. ಆದರೆ ಪರದೇಶದ ಅಧಿಕಾರಿಗಳಿಗೆ ಭಯ ಇರುವುದು ಈ ಬೇಳೆಕಾಳಿನ ಮೇಲೆಯೇ. ಖಾಪ್ರಾ ಎಂಬ ಸಣ್ಣ ದುಂಬಿ ನಮ್ಮ ಕಡೆಯ ದಾಸ್ತಾನು ಧಾನ್ಯದಲ್ಲಿ ಇರುತ್ತದೆ. ಇದು ಉಗ್ರಾಣಕ್ಕೆ ಹೊಕ್ಕರೆ ತೆಗೆಯುವುದು ಬಹಳ ಕಷ್ಟ. ಅದಕ್ಕಾಗಿ ಅಮೆರಿಕ 2011ರಿಂದ ಭಾರತದಂಥ ದೇಶಗಳಿಂದ ಪ್ರಯಾಣಿಕರ ಬ್ಯಾಗಿನಲ್ಲಿ ಅಕ್ಕಿ, ಕಡಲೆ, ಸೋಯಾ, ಕುಸುಬಿಯನ್ನು ಬಿಡುವುದಿಲ್ಲ. ಆಸ್ಟ್ರೇಲಿಯಾ 2020ರ ಅಕ್ಟೋಬರ್‌ನಿಂದ ಇನ್ನೂ ಬಿಗಿ ಮಾಡಿತು: ಅಕ್ಕಿ, ಕಡಲೆ, ತೊಗರಿ, ಹೆಸರು, ಜೀರಿಗೆ, ಕೊತ್ತಂಬರಿ ಬೀಜ, ಶೇಂಗಾ, ಒಣಮೆಣಸಿನಕಾಯಿ ಎಲ್ಲಕ್ಕೂ ಪ್ರಯಾಣಿಕರ ಬ್ಯಾಗಿನಲ್ಲಿ ತಡೆ. ಹುರಿದು, ಬೇಯಿಸಿ ಕಂಪನಿಯವರು ತಯಾರಿಸಿ ಪ್ಯಾಕ್ ಮಾಡಿದ್ದಕ್ಕೆ ಬೇರೆ ನಿಯಮ ಇದೆ. ಆದರೆ ಮನೆಯಲ್ಲಿ ಕಟ್ಟಿದ ಪೊಟ್ಟಣಕ್ಕೆ ಆ ರಿಯಾಯಿತಿ ಸಿಗುವುದು ಕಷ್ಟ. ಕೆಲವು ಮನೆಗಳಲ್ಲಿ ಐದು ಕೆಜಿ ಬೇಳೆಯನ್ನು ಹೊಲಿದ ಬಟ್ಟೆಚೀಲದಲ್ಲಿ ಒಯ್ಯುತ್ತಾರೆ. ಪರದೇಶದ ಕಿರಾಣಿಯಲ್ಲಿ ಅದೇ ಬೇಳೆ ಸಿಗುತ್ತದೆ, ಬ್ಯಾಗಿನ ತೂಕ ಉಳಿಸಿಕೊಳ್ಳಿ.

ಕರಿಬೇವನ್ನು ಅಮೆರಿಕದಲ್ಲಿ ಬಿಡುವುದೇ ಇಲ್ಲ. ಅದರ ಎಲೆಯ ಮೇಲೆ ಬರುವ ಹುಳ ಕಿತ್ತಳೆ ತೋಟಗಳಿಗೆ ರೋಗ ತರುತ್ತದೆ ಎಂಬ ಕಾರಣ. ಮಾವಿನ ಹಣ್ಣು, ಬೀಜ, ಗಿಡದ ಸಸಿ, ಮಣ್ಣು ಕೂಡ ಹಾಗೇ. ಹಾಲಿನ ಮಿಠಾಯಿಗೆ ಬ್ರಿಟನ್, ಆಸ್ಟ್ರೇಲಿಯಾ ಎರಡರಲ್ಲೂ ತೊಡಕಿದೆ. ಅದೇ ಜೋಳದ ಕಡಕ್ ರೊಟ್ಟಿ, ಹುರಿದು ಪುಡಿ ಮಾಡಿದ ಅಗಸಿ ಖಾರ, ಉಪ್ಪಿನಕಾಯಿ ಇವನ್ನು ಒಯ್ಯಬಹುದೇ ಎಂದು ಕೇಳಿದರೆ ನನ್ನ ಉತ್ತರ: ಒಂದೇ ಬ್ಯಾಗಿನಲ್ಲಿ ಇಡಿ, ಮೇಲೆ ಏನೆಂದು ಇಂಗ್ಲಿಷಿನಲ್ಲಿ ಚೀಟಿ ಅಂಟಿಸಿ, ಆಹಾರ ಇದೆಯೇ ಎಂದು ಫಾರಂ ಅಥವಾ ಅಧಿಕಾರಿ ಕೇಳಿದಾಗ ‘ಇದೆ’ ಎನ್ನಿ. ಬಿಟ್ಟರೆ ಮನೆಗೆ ಒಯ್ಯುತ್ತೀರಿ, ಬಿಡದಿದ್ದರೆ ರೊಟ್ಟಿ ಮಾತ್ರ ಹೋಗುತ್ತದೆ.

ಕೊಲ್ಲಿ ದೇಶಗಳಿಗೆ ಹೋಗುವವರು ಗಸಗಸೆಯನ್ನು ಮುಟ್ಟಲೇಬೇಡಿ. ನಮ್ಮಲ್ಲಿ ಮಸಾಲೆಗೆ, ಪಾಯಸಕ್ಕೆ ಹಾಕುವ ಸಾಮಾನ್ಯ ಪದಾರ್ಥ. ಯುಎಇ, ಸೌದಿ, ಕತಾರ್‌ನಲ್ಲಿ ಅದು ಅಫೀಮಿನ ಗಿಡದ ಬೀಜವೆಂದು ನಿಷಿದ್ಧ, ಸಿಂಗಪುರದಲ್ಲೂ ಹಾಗೇ. ಅಡುಗೆಯ ಮಸಾಲೆ ಪುಡಿಯಲ್ಲಿ ಬೆರೆತಿದೆಯೇ ಎಂದು ಮನೆಯಲ್ಲೇ ಕೇಳಿಕೊಳ್ಳಿ. ಗುಟ್ಕಾ, ವೀಳ್ಯದೆಲೆ ಕೂಡ ಯುಎಇಗೆ ಬೇಡ. ಒಣಕೊಬ್ಬರಿಯನ್ನು ವಿಮಾನದ ಚೆಕ್-ಇನ್ ಬ್ಯಾಗಿನಲ್ಲಿ ಬಿಡುವುದಿಲ್ಲ, ಎಣ್ಣೆಯಿಂದ ಬೆಂಕಿ ಹತ್ತುವ ಭಯಕ್ಕೆ.

ದೇವರ ಸಾಮಾನು

ಈ ಮೂರೂ ಊರುಗಳಿಂದ ಹೊರಡುವವರು ಇಷ್ಟಲಿಂಗ, ತಾಯಿತ, ಕಿರ್ಪಾನ್, ಜಪಮಣಿ, ವಿಭೂತಿ ಹೀಗೆ ತಮ್ಮ ತಮ್ಮ ನಂಬಿಕೆಯ ಸಾಮಾನು ಒಯ್ಯುತ್ತಾರೆ. ಮೈಮೇಲಿನ ಇಷ್ಟಲಿಂಗ, ಬೆಳ್ಳಿಯ ಕರಡಿಗೆ ನಿಮ್ಮ ಸ್ವಂತ ವಸ್ತು, ಸುಂಕದ ವಿಷಯವಲ್ಲ. ಭದ್ರತಾ ತಪಾಸಣೆಯಲ್ಲಿ ತೆಗೆಯಲು ಹೇಳಿದರೆ, ಇದು ಪೂಜೆಯ ವಸ್ತು, ಖಾಸಗಿ ಕೋಣೆಯಲ್ಲಿ ಪರೀಕ್ಷಿಸಿ ಎಂದು ಸಮಾಧಾನದಿಂದ ಕೇಳಿಕೊಳ್ಳಬಹುದು. ಝೀರಾ ಸಾಹಿಬ್ ಗುರುದ್ವಾರವಿರುವ ಬೀದರಿನ ಸಿಖ್ ವಿದ್ಯಾರ್ಥಿಗಳು ಕಿರ್ಪಾನನ್ನು ಚೆಕ್-ಇನ್ ಬ್ಯಾಗಿನಲ್ಲಿ ಇಡಬೇಕು. ದೇಶದೊಳಗಿನ ವಿಮಾನದಲ್ಲಿ ಇರುವ ರಿಯಾಯಿತಿ ಪರದೇಶದ ವಿಮಾನಕ್ಕೆ ಇಲ್ಲ.

ವಿಭೂತಿಯ ಬಗ್ಗೆ ಸ್ವಲ್ಪ ಎಚ್ಚರ ಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಬಿಳಿಯ ಗಟ್ಟಿ, ಬಿಳಿಯ ಪುಡಿ ಎಂದರೆ ಯಾವ ಅಧಿಕಾರಿಯೂ ನಿಂತು ನೋಡುತ್ತಾರೆ. ಅಂಗಡಿಯ ಮೂಲ ಡಬ್ಬಿಯಲ್ಲೇ ಇರಲಿ, ಒಂದೆರಡು ಗಟ್ಟಿ ಸಾಕು. ಹೋಮಕ್ಕೆ, ಪೂಜೆಗೆ ಎಂದು ಸಗಣಿಯ ಕುಳ್ಳು ಒಯ್ಯುವುದಂತೂ ಬೇಡ. 2021ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್ ಹತ್ತಿರದ ಡಲ್ಲಸ್ ನಿಲ್ದಾಣದಲ್ಲಿ, ಭಾರತದಿಂದ ಬಂದ ವಿಮಾನದ ಪ್ರಯಾಣಿಕರೊಬ್ಬರು ಬಿಟ್ಟುಹೋದ ಸೂಟ್‌ಕೇಸಿನಲ್ಲಿ ಎರಡು ಕುಳ್ಳು ಸಿಕ್ಕವು. ಕಾಲುಬಾಯಿ ರೋಗದ ಭಯದಿಂದ ಅಧಿಕಾರಿಗಳು ಅವನ್ನು ನಾಶ ಮಾಡಿದರು. ದನ ಕಟ್ಟಿದ ಮನೆಯಿಂದ ಹೊರಡುವವರು ಚಪ್ಪಲಿ, ಶೂಗಳ ಅಡಿಯ ಮಣ್ಣು, ಸಗಣಿ ತೊಳೆದು ಒಣಗಿಸಿ ಒಯ್ಯಬೇಕು. ಆಸ್ಟ್ರೇಲಿಯಾದಲ್ಲಿ ಹೊಲಕ್ಕೆ, ದನದ ಕೊಟ್ಟಿಗೆಗೆ ಹೋಗಿದ್ದಿರಾ ಎಂದು ಫಾರಂನಲ್ಲೇ ಕೇಳುತ್ತಾರೆ. ಔರಾದಿನ ಒಕ್ಕಲುತನದ ಮನೆಯ ಮಗ ‘ಇಲ್ಲ’ ಎಂದು ಬರೆಯುವ ಅಗತ್ಯವೇ ಇಲ್ಲ. ‘ಹೌದು’ ಎಂದರೆ ಶೂ ನೋಡಿ ಕಳಿಸುತ್ತಾರೆ.

ಬೇರೆಯವರ ಪೊಟ್ಟಣ

ಇದನ್ನು ಸಿಟ್ಟಿನಿಂದಲೇ ಹೇಳಬೇಕಾಗಿದೆ. ‘ನಮ್ಮ ಹುಡುಗ ಅಲ್ಲೇ ಅದಾನ, ಇದೊಂದು ಪೊಟ್ಟಣ ಕೊಟ್ಟುಬಿಡ್ರಿ’ ಎಂದು ಓಣಿಯವರು, ಬೀಗರು, ಕೆಲಸ ಕೊಡಿಸಿದ ಏಜೆಂಟ್ ಕೊನೆಯ ಗಳಿಗೆಯಲ್ಲಿ ಬಸ್ ಸ್ಟ್ಯಾಂಡಿಗೇ ತಂದು ಕೊಡುತ್ತಾರೆ. ಬೇಡ ಎನ್ನಲು ಮುಜುಗರ. 2019ರಲ್ಲಿ ಮುಂಬಯಿಯ ಗಂಡಹೆಂಡತಿ ದೋಹಾಕ್ಕೆ ಹೋದಾಗ ಹತ್ತಿರದ ಸಂಬಂಧಿ ಕೊಟ್ಟಿದ್ದ ಪೊಟ್ಟಣದಲ್ಲಿ 4 ಕೆಜಿಗೂ ಹೆಚ್ಚು ಚರಸ್ ಸಿಕ್ಕಿತು. ಇಬ್ಬರಿಗೂ 10 ವರ್ಷ ಶಿಕ್ಷೆಯಾಯಿತು. ಆಕೆ ಆಗ ಗರ್ಭಿಣಿ. ಮಗು ಜೈಲಿನಲ್ಲೇ ಹುಟ್ಟಿತು. ಅವರಿಗೆ ತಿಳಿಯದೆ ಆದದ್ದು ಎಂದು ಸಾಬೀತಾಗಿ ಊರಿಗೆ ಮರಳಿದ್ದು 2021ರಲ್ಲಿ. ಕಸ್ಟಮ್ಸ್ ಫಾರಂಗೆ ನೀವು ಸಹಿ ಹಾಕಿದರೆ ಬ್ಯಾಗಿನ ಪ್ರತಿ ವಸ್ತುವೂ ನಿಮ್ಮದು ಎಂದೇ ಅರ್ಥ. ಕಣ್ಣೆದುರು ಬಿಚ್ಚಿ, ನೋಡಿ, ಪಟ್ಟಿಯಲ್ಲಿ ಬರೆಯಲು ಒಪ್ಪದ ಪೊಟ್ಟಣವನ್ನು ಯಾರು ಕೊಟ್ಟರೂ ವಾಪಸು ಕೊಡಿ. ಮನೆಯ ಹಿರಿಯರೇ ಮುಂದೆ ನಿಂತು ‘ನಮ್ಮ ಮನೆಯಿಂದ ಹೋಗುವವರು ಯಾರದ್ದೂ ಒಯ್ಯುವುದಿಲ್ಲ’ ಎಂದುಬಿಟ್ಟರೆ ಹುಡುಗನಿಗೆ ಮುಜುಗರ ಉಳಿಯುವುದಿಲ್ಲ.

ಔಷಧಿಯೂ ಇದೇ ಸಾಲಿನದು. ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್‌ನಂಥ ನೋವಿನ ಮಾತ್ರೆ ಯುಎಇಯಲ್ಲಿ ನಿಯಂತ್ರಿತ ಔಷಧಿಗಳು, ಮೊದಲೇ ಅನುಮತಿ ಬೇಕು. ಸಕ್ಕರೆ ಕಾಯಿಲೆ, ಬಿಪಿ ಮಾತ್ರೆಗಳನ್ನು ಮೂಲ ಸ್ಟ್ರಿಪ್‌ನಲ್ಲೇ ಇಟ್ಟು, ವೈದ್ಯರ ಚೀಟಿಯನ್ನು ಇಂಗ್ಲಿಷಿನಲ್ಲಿ ಬರೆಸಿ ಜೊತೆಗಿಡಿ.

ರೊಕ್ಕದ ಮಾತು ಚಿಕ್ಕದು. ಭಾರತದ ನೋಟು 25,000 ರೂಪಾಯಿಗಿಂತ ಹೆಚ್ಚು ಹೊರಗೆ ಒಯ್ಯುವಂತಿಲ್ಲ. ಪರದೇಶದ ನೋಟು ಹೆಚ್ಚಿನ ದೇಶಗಳಿಗೆ ಒಂದು ಪ್ರಯಾಣಕ್ಕೆ 3,000 ಡಾಲರಿನಷ್ಟು. ಉಳಿದದ್ದು ಕಾರ್ಡಿನಲ್ಲಿ, ಬ್ಯಾಂಕ್ ಮೂಲಕ. ಆಚೆ ಇಳಿದಾಗ ಅಮೆರಿಕ, ಕೆನಡಾ, ಆಸ್ಟ್ರೇಲಿಯಾದಲ್ಲಿ ಆಯಾ ದೇಶದ 10,000 ಡಾಲರ್, ಬ್ರಿಟನ್ನಿನಲ್ಲಿ 10,000 ಪೌಂಡ್, ಯುಎಇಯಲ್ಲಿ 60,000 ದಿರ್ಹಂ ಮುಟ್ಟಿದರೆ ಅಥವಾ ಮೀರಿದರೆ ಹೇಳಬೇಕು. ಇದು ತರಬಾರದು ಎಂಬ ಮಿತಿಯಲ್ಲ, ಹೇಳಬೇಕು ಎಂಬ ಗೆರೆ. ಅಮೆರಿಕದಲ್ಲಿ ಗಂಡ, ಹೆಂಡತಿ, ಮಕ್ಕಳ ಕೈಯಲ್ಲಿರುವ ಹಣ ಕೂಡಿಸಿ ಲೆಕ್ಕ ಹಾಕುತ್ತಾರೆ. ಹಂಚಿಕೊಂಡು ಒಯ್ದರೆ ಗೆರೆ ದಾಟುವುದಿಲ್ಲ ಎಂಬ ಏಜೆಂಟರ ಮಾತು ಸುಳ್ಳು.

ಕೊನೆಯದಾಗಿ ಒಂದು ಕೋರಿಕೆ. ಕಸ್ಟಮ್ಸ್ ನಿಯಮಗಳು ಬದಲಾಗುತ್ತಲೇ ಇರುತ್ತವೆ, ಭಾರತದ ಬ್ಯಾಗೇಜ್ ನಿಯಮಗಳೂ ಅಷ್ಟೇ. ಟಿಕೆಟ್ ಕೈಗೆ ಬಂದ ಮೇಲೆ ನೀವು ಹೋಗುವ ದೇಶದ ಕಸ್ಟಮ್ಸ್ ಇಲಾಖೆಯ ಅಧಿಕೃತ ಜಾಲತಾಣವನ್ನು ಒಮ್ಮೆ, ಹೊರಡುವ ವಾರ ಇನ್ನೊಮ್ಮೆ ನೋಡಿ. ಇಂಗ್ಲಿಷ್ ತೊಡಕಾದರೆ ಓಣಿಯ ಕಾಲೇಜು ಹುಡುಗರನ್ನು ಕೂರಿಸಿಕೊಂಡು ಓದಿಸಿ, ವಾಟ್ಸಾಪಿನಲ್ಲಿ ಬಂದದ್ದನ್ನು ನಂಬಬೇಡಿ. ಹೋಗಿ ನೆಲೆಸಿದವರು ತಮ್ಮ ಪಟ್ಟಿಯ ಒಂದು ಪ್ರತಿಯನ್ನು ಊರಿನ ಮುಂದಿನ ಪ್ರಯಾಣಿಕರಿಗೆ ಮಾದರಿಗೆಂದು ಕೊಡಲಿ, ಹೆಸರು ಮತ್ತು ಬೆಲೆ ಅಳಿಸಿ ಕೊಟ್ಟರೂ ಸಾಕು.